ನಿಲ್ ಎಂಬ ಶಬ್ದವೂ ಕವುಚಿದ ಡಬ್ಬಿಯೂ

ಆ ಮಂಗಳವಾರ ಬೆಳಿಗ್ಗೆ ನಾನು ಒಂದೇ ಒಂದು ಶಬ್ದ ಬರೆದೆ. ‘ನಿಲ್’. ಏನೂ ಇಲ್ಲ ಎಂದು ಅದರ ಅರ್ಥ. ಬರೆದು ಇಪ್ಪತ್ತು ನಿಮಿಷ ಆಗಿರಲಿಲ್ಲ, ಆ ‘ಏನೂ ಇಲ್ಲ’ದೊಳಗಿಂದ ಒಂದು ಹಗ್ಗ ಎದ್ದು ಬಂದು ನಮ್ಮ ಲಾಂಚಿನ ಪ್ರೊಪೆಲ್ಲರಿಗೆ ಸುತ್ತಿಕೊಂಡಿತು. ಹಗ್ಗದ ಇನ್ನೊಂದು ತುದಿಯಲ್ಲಿ ಒಂದು ದೋಣಿ ಇತ್ತು. ದೋಣಿಯಲ್ಲಿ ಒಬ್ಬ ಮನುಷ್ಯ ಇದ್ದ.

ಎರಡು ವಾರ ಈ ಅಂಕಣ ಯಾಕೆ ಬರಲಿಲ್ಲ ಎಂದು ನಾಲ್ಕಾರು ಜನ ಕೇಳಿದ್ದೀರಿ. (ಒಬ್ಬರು ವಡಾಲ ಸ್ಟೇಷನ್ನಿನ ಬ್ರಿಜ್ ಮೇಲೆ ತಡೆದು ನಿಲ್ಲಿಸಿಯೇ ಕೇಳಿದರು. ನನ್ನ ಲೋಕಲ್ ಹೋಯಿತು.) ಒಂದು ಬಲೆಯ ಹಿಂದೆ ಓಡಾಡುತ್ತಿದ್ದೆ, ಅದಕ್ಕೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನನ್ನ ಹೊಟ್ಟೆಪಾಡು ಸಮುದ್ರದ ಆಳ ಅಳೆಯುವ ಒಂದು ಆಫೀಸಿನಲ್ಲಿ. ಮೊದಲು ಈ ಕೆಲಸಕ್ಕೆ ಸೀಸದ ಗುಂಡು ಕಟ್ಟಿದ ಹಗ್ಗವಿತ್ತು. ಲಾಂಚಿನ ಅಂಚಿನಲ್ಲಿ ಒಬ್ಬ ನಿಂತು ಗುಂಡು ಎಸೆಯುತ್ತಿದ್ದ, ಎಷ್ಟು ಮಾರು ಇಳಿಯಿತೆಂದು ಕೂಗುತ್ತಿದ್ದ. ಈಗ ಎಕೋ ಸೌಂಡರ್ ಬಂದಿದೆ. ಲಾಂಚಿನ ತಳದಿಂದ ಒಂದು ಸದ್ದು ಕೆಳಗೆ ಹೋಗುತ್ತದೆ. ನೆಲಕ್ಕೆ ಬಡಿದು ತಿರುಗಿ ಬರುತ್ತದೆ. ಹೋಗಿಬರಲು ಹಿಡಿದ ಹೊತ್ತಿನಿಂದ ಆಳ ತಿಳಿಯುತ್ತದೆ. ಬಾವಿಯೊಳಗೆ ಕೂಗಿದರೆ ಬಾವಿ ತಿರುಗಿ ಕೂಗುತ್ತದಲ್ಲ, ಅಷ್ಟೇ. ಒಂದು ಸಣ್ಣ ಮುಳ್ಳು ಆ ಕೂಗನ್ನು ಉರುಳುವ ಕಾಗದದ ಮೇಲೆ ಕಪ್ಪು ಗೆರೆಯಾಗಿ ಎಳೆಯುತ್ತದೆ.

ಆ ಕಾಗದದ ಮುಂದೆ ಕೂತು ಓದುವವನು ನಾನು. ನಮಗೂ ನೆಲಕ್ಕೂ ನಡುವೆ ಏನಾದರೂ ಗುರುತು ಬಿದ್ದರೆ ಫಾರಂನಲ್ಲಿ ಬರೆಯಬೇಕು. ಬೀಳದಿದ್ದರೆ ‘ನಿಲ್’.

ಅವತ್ತು ನಾವು ಶಿವಡಿಯ ಆಚೆ ಇದ್ದೆವು. ಏಳು ಮಾರು ನೀರು. ಅಮಾವಾಸ್ಯೆಯ ಮರುದಿನ, ಇಳಿತದ ಸೆಳೆತ ಜೋರಾಗಿತ್ತು. ಹೊಲ ಉಳುವ ಹಾಗೆ ನಾವು ಸಾಲು ಸಾಲಾಗಿ ಹೋಗುತ್ತೇವೆ. ಒಂದು ಸಾಲಿನಲ್ಲಿ ಹೋಗುವುದು, ಪಕ್ಕದ ಸಾಲಿನಲ್ಲಿ ಬರುವುದು. ಹೋಗುವಾಗ ದೂರದ ದೋಣಿಯಿಂದ ಒಬ್ಬ ಕೋಳಿ ಹುಟ್ಟು ಎತ್ತಿ ಆಡಿಸಿದ. (ಕೋಳಿ ಎಂದರೆ ಮುಂಬಯಿಯ ಮೂಲ ಮೀನುಗಾರರು. ಊರಿಂದ ಹೊಸದಾಗಿ ಬಂದವರು ನಗಬೇಡಿ. ನಾನೂ ನಕ್ಕಿದ್ದೆ.) ನಮ್ಮ ಲಾಂಚ್ ನಡೆಸುವ ಸಾರಂಗ ಕೈ ಎತ್ತಿ ಸಲಾಂ ಮಾಡಿದ. ನಾನೂ ಮಾಡಿದೆ.

ಅವನು ಸಲಾಂ ಮಾಡುತ್ತಿರಲಿಲ್ಲ. ನಿಮ್ಮ ಕೆಳಗೆ ನನ್ನ ಬಲೆ ಇದೆ ಎನ್ನುತ್ತಿದ್ದ. ಎಂಜಿನ್ ಸದ್ದಿನಲ್ಲಿ ಕೇಳಲಿಲ್ಲ. ಬಲೆಯ ಮರದ ಬೆಂಡುಗಳನ್ನು ಸೆಳೆತ ನೀರೊಳಗೆ ಎಳೆದಿತ್ತು, ಆದ್ದರಿಂದ ಕಣ್ಣಿಗೂ ಕಾಣಲಿಲ್ಲ. ಕಾಗದದ ಮೇಲೆ ನೆಲದ ಗೆರೆ ಬಿಟ್ಟರೆ ಇರುವೆಯಷ್ಟು ಚುಕ್ಕೆಯೂ ಇರಲಿಲ್ಲ. ನಾನು ‘ನಿಲ್’ ಬರೆದೆ.

ಮರಳಿ ಬರುವಾಗ ಸೆಳೆತ ಸಡಿಲವಾಗಿತ್ತು. ನೀರೊಳಗಿದ್ದ ಬಲೆಯ ಹಗ್ಗ ಮೇಲೆ ಬಂದಿತ್ತು. ಪ್ರೊಪೆಲ್ಲರ್ ಅದನ್ನು ಹಿಡಿಯಿತು, ಸುತ್ತಿತು, ಸೆಳೆಯಿತು. ದೋಣಿಯ ಮೂತಿ ನೀರಿಗೆ ಹೋಯಿತು. ಆ ಮನುಷ್ಯ ನೀರೊಳಗೆ ಹೋದ. ಸಾರಂಗ ಎಂಜಿನ್ ನಿಲ್ಲಿಸಿದ. ಆಗ ಉಳಿದ ಒಂದೇ ಸದ್ದೆಂದರೆ ಕಾಗದದ ಮೇಲೆ ನನ್ನ ಯಂತ್ರದ ಮುಳ್ಳಿನ ಕಿರಕಿರ.

ನಾನು ಎಣಿಸಲಿಲ್ಲ. ಆದರೆ ಆಮೇಲೆ ಕಾಗದ ಅಳೆದು ನೋಡಿದೆ. ಅವನು ನೀರೊಳಗಿದ್ದ ಹೊತ್ತು ನನ್ನ ಕಿರುಬೆರಳಿನಷ್ಟು ಉದ್ದ.

ಮೇಲೆ ಬಂದ. ಕೆಮ್ಮಿದ. ಲಾಂಚಿನ ಅಂಚು ಹಿಡಿದು, ನನ್ನ ಮುಖ ನೋಡಿ, ಮರಾಠಿಯಲ್ಲಿ ಎರಡೇ ಶಬ್ದ ಹೇಳಿದ. ‘ಜಾಳ ಹೋತ.’ ಬಲೆ ಇತ್ತು ಎಂದು.

ಅವನ ಹೆಸರು ಧರ್ಮಾ.

ಬುಧವಾರ ಧರ್ಮಾನನ್ನು ಆಫೀಸಿಗೆ ಕರೆಸಿದರು. ನಮ್ಮ ಸಾಹೇಬರು ಕೆಟ್ಟವರಲ್ಲ. ಆದರೆ ಕಾಗದವನ್ನು ನಂಬುವವರು. ಕಾಗದದ ಸುರುಳಿ ಮೇಜಿನ ಮೇಲೆ ಬಿಚ್ಚಿ, ‘ನೋಡು, ಏನೂ ಇಲ್ಲ. ನಾವು ಹಾದು ಹೋದ ಮೇಲೆ ನೀನು ಬಲೆ ತಂದು ಹಾಕಿದ್ದೀ’ ಎಂದರು. ಧರ್ಮಾ ಮತ್ತೆ ಆ ಎರಡೇ ಶಬ್ದ ಹೇಳಿದ. ಜಾಳ ಹೋತ. ಸಾಹೇಬರು ನನ್ನ ಕಡೆ ತಿರುಗಿ, ಶನಿವಾರದೊಳಗೆ ಹಾಗೆಂದು ಹೇಳಿಕೆಗೆ ಸಹಿ ಹಾಕಿ ಕೊಡಿ ಎಂದರು.

ಸಹಿ ಹಾಕಿದರೆ ಏನಾಗುತ್ತದೆ? ಕೋಳಿಗಳಿಗೆ ಸಮುದ್ರವೆಂದರೆ ಎಲ್ಲರದೂ ಆದ ಬಯಲಲ್ಲ. ಬಲೆ ಕಟ್ಟುವ ಗೂಟವನ್ನು ಸಮುದ್ರದ ನೆಲದಲ್ಲಿ ಯಾರು ಎಲ್ಲಿ ಊರಬೇಕೆಂಬುದು ತಂದೆಯಿಂದ ಮಗನಿಗೆ ಬಂದದ್ದು. ಒಬ್ಬನ ಜಾಗದಲ್ಲಿ ಇನ್ನೊಬ್ಬ ಬಲೆ ಇಳಿಸುವುದಿಲ್ಲ. ತಪ್ಪು ಧರ್ಮಾನದೆಂದಾದರೆ ಆಫೀಸು ಅವನ ಜಾಗ ಬಂದ್ ಮಾಡಿಸುತ್ತದೆ. ಬೇರೆ ಜಾಗವೆಲ್ಲ ಬೇರೆಯವರದು. ಎಲ್ಲಿಗೆ ಹೋಗಬೇಕು ಅವನು?

ಇಷ್ಟೆಲ್ಲ ಗೊತ್ತಿದ್ದೂ ನಾನು ಸುಮ್ಮನಿದ್ದೆ. ಮೂರು ದಿನ.

ಶುಕ್ರವಾರ ಸಂಜೆ ಶಿವಡಿಯ ಕೋಳಿವಾಡಕ್ಕೆ ನಡೆದುಕೊಂಡು ಹೋದೆ. ಹಗ್ಗದ ಮೇಲೆ ಬೊಂಬಿಲ್ ಮೀನು ಒಣಗುತ್ತಿದ್ದವು. (ಧಾರವಾಡದ ಸಾರು ಅನ್ನದ ಮೂಗು ನನ್ನದು. ಬಾಯಿಂದ ಉಸಿರಾಡಿದೆ.) ಧರ್ಮಾನ ಹೆಂಡತಿ ಗೋದಾಬಾಯಿ ಹರಿದ ಬಲೆಗೆ ತೇಪೆ ಹಾಕುತ್ತಿದ್ದಳು. ತಲೆ ಎತ್ತಲಿಲ್ಲ.

‘ಬಂದ ನೋಡು ನಿನ್ನ ಏನೂ-ಇಲ್ಲ ಸಾಹೇಬ,’ ಎಂದು ಗಂಡನಿಗೆ ಮರಾಠಿಯಲ್ಲಿ ಹೇಳಿದಳು. ಆಮೇಲೆ ನನಗೆ, ‘ಮೂರು ದಿನ ಬಾಯಿ ಎಲ್ಲಿ ಇಟ್ಟಿದ್ದೆ, ಭಾವು?’

(ಭಾವು ಎಂದರೆ ಅಣ್ಣ.) ಬಲೆ ಅಲ್ಲಿತ್ತು, ಯಂತ್ರಕ್ಕೆ ಕಾಣಲಿಲ್ಲ, ಅದನ್ನು ತೋರಿಸಿಕೊಡುತ್ತೇನೆ, ನಿನ್ನ ಬಲೆಯನ್ನು ಅದೇ ಜಾಗದಲ್ಲಿ ಇಳಿಸು ಎಂದು ಧರ್ಮಾನಿಗೆ ಹೇಳಿದೆ.

ಶನಿವಾರ ಸಹಿ ಹಾಕಲಿಲ್ಲ. ಸಾಹೇಬರಿಗೆ ಒಂದೇ ಮಾತು ಹೇಳಿದೆ. ಬಲೆ ಇದೆ ಎಂದು ಗೊತ್ತಿರುವ ಕಡೆ ಒಮ್ಮೆ ಹಾದು ನೋಡೋಣ. ಅವರು ಆಗಲಿ ಎಂದರು.

ಸೋಮವಾರ ಹೋದೆವು. ಸೆಳೆತವಿಲ್ಲದ ಹೊತ್ತು. ದೂರದಿಂದಲೇ ನನಗೆ ನಗು ಬಂತು, ಆಮೇಲೆ ನಾಚಿಕೆಯಾಯಿತು. ಧರ್ಮಾ ಬೆಂಡುಗಳಿಗೆಲ್ಲ ದೋಣಿಗೆ ಬಳಿಯುವ ಕೆಂಪು ಬಣ್ಣ ಬಳಿದಿದ್ದ. ಯಂತ್ರಕ್ಕೆ ಕಾಣಲಿಲ್ಲ ಎಂದವನು ನಾನೇ ಅಲ್ಲವೇ?

‘ಇಷ್ಟು ಕೆಂಪು ಸಾಕಾ, ಸಾಹೇಬ?’ ಎಂದ.

‘ಅದಕ್ಕೆ ಕಣ್ಣಿಲ್ಲ ಧರ್ಮಾ. ಕಿವಿ ಮಾತ್ರ.’

ಗೋದಾಬಾಯಿಯೂ ದೋಣಿಯಲ್ಲಿ ಕೂತಿದ್ದಳು. ‘ಮೊದಲೇ ಹೇಳಬಾರದಿತ್ತಾ? ಗಂಟೆ ಕಟ್ಟುತ್ತಿದ್ದೆವು.’

‘ಗಂಟೆಯೂ ಕೇಳಿಸುವುದಿಲ್ಲ. ತಾನು ಕೂಗಿದ್ದಕ್ಕೆ ಮರುದನಿ ಬಂದರೆ ಮಾತ್ರ ಅದಕ್ಕೆ ಕೇಳಿಸುತ್ತದೆ.’

‘ಓ,’ ಅಂದಳು. ‘ಅದೂ ಸಾಹೇಬರೇ ಹಾಗಾದರೆ.’

ಬಲೆಯ ಮೇಲೆ ಮೂರು ಸಲ ಹಾದೆವು. ಕೆಂಪು ಬೆಂಡುಗಳನ್ನು ಸಾಹೇಬರು ಕಣ್ಣಾರೆ ಕಂಡರು. ಕಾಗದ ಮೂರು ಸಲವೂ ಖಾಲಿ. ನಾನು ಗೆದ್ದೆ ಎಂದುಕೊಂಡೆ.

ಸಾಹೇಬರು ಕಾಗದ ಮಡಚಿದರು. ‘ನೀವು ಹೇಳಿದ್ದು ಸರಿ. ಬಲೆ ಇದ್ದರೂ ಇದರಲ್ಲಿ ಬೀಳುವುದಿಲ್ಲ. ಹಾಗಿದ್ದ ಮೇಲೆ ಇಲ್ಲಿ ಬಲೆ ಇರಲು ಬಿಡುವುದು ಹೇಗೆ? ಇವತ್ತು ಇವನೊಬ್ಬ. ನಾಳೆ ಇನ್ನೊಬ್ಬ ಮುಳುಗಿದರೆ? ನಾವು ಅಳೆಯುವ ಈ ನೀರಿನಲ್ಲಿರುವ ಎಲ್ಲ ಬಲೆಯ ಜಾಗಗಳನ್ನೂ ತೆಗೆಸಬೇಕು.’

ನೋಡಿ. ನಾನು ಸುಮ್ಮನಿದ್ದಿದ್ದರೆ ಒಬ್ಬನ ಜಾಗ ಹೋಗುತ್ತಿತ್ತು. ನಿಜ ಹೇಳಿದ್ದಕ್ಕೆ ಎಲ್ಲರದೂ ಹೋಗುವ ಹಾಗಾಯಿತು. ನಿಜ ಹೇಳಿದರೆ ಸಾಲದು, ಹೇಳಿದ ಮೇಲೆ ಅದರ ಹಿಂದೆಯೇ ಓಡಬೇಕು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ವಾರ ಟೈಮ್ ಕೊಡಿ, ಕಾಣುವ ಹಾಗೆ ಮಾಡುತ್ತೇನೆ ಎಂದೆ. ಹೇಗೆ ಎಂದು ಕೇಳಿದ್ದರೆ ನನ್ನ ಬಣ್ಣ ಬಯಲಾಗುತ್ತಿತ್ತು. ಪುಣ್ಯಕ್ಕೆ ಕೇಳಲಿಲ್ಲ.

ಯಂತ್ರದ ಜೊತೆ ಬಂದ ಪುಸ್ತಕ ತೆಗೆದು ಓದಿದೆ. ನೆನೆದ ಹಗ್ಗ, ನೀರು ಕುಡಿದ ಬೆಂಡು, ಇವೆಲ್ಲ ಆ ಸದ್ದಿಗೆ ನೀರಿನ ಹಾಗೆಯೇ. ಹಾದು ಹೋಗುತ್ತದೆ. ನೀರೊಳಗೆ ಗಾಳಿ ಸಿಕ್ಕಿದರೆ ಮಾತ್ರ ಗೋಡೆಗೆ ಬಡಿದಂತೆ ತಿರುಗುತ್ತದೆ. ಒಂದು ಹಿಡಿ ಗಾಳಿ ಸಾಕು. ತುಂಬಿದ ಕೊಡ ತುಳುಕುವುದಿಲ್ಲ ಎಂದು ತುಂಬಿದ್ದನ್ನೇ ಹೊಗಳಿಕೊಂಡು ಬಂದವರು ನಾವು. ಸಮುದ್ರದೊಳಗೆ ಮಾತಾಡುವುದು ಬರಿ ಕೊಡವೇ.

ಬರಿ ಕೊಡ ಎಲ್ಲಿ ಸಿಗುತ್ತದೆ? ನಮ್ಮ ಬಿಲ್ಡಿಂಗಿನ ಕೆಳಗೆ ಶೀನಣ್ಣನ ಹೋಟೆಲಿದೆ. ಉಡುಪಿಯ ಕಡೆಯವರು. ಅಲ್ಲಿಂದ ಕಾಫಿಪುಡಿಯ ಖಾಲಿ ಡಬ್ಬಿ ಹತ್ತು ತಂದು, ಮುಚ್ಚಳಕ್ಕೆ ಬೆಸುಗೆ ಹಾಕಿಸಿದೆ. ಒಂದು ಹನಿ ನೀರು ಒಳಗೆ ಹೋಗಬಾರದು. ಬುಧವಾರ ಧರ್ಮಾ ಅವನ್ನು ಬಲೆಗೆ ಕಟ್ಟಿ ನಾಲ್ಕು ಮಾರು ಕೆಳಗೆ ಇಳಿಸಿದ. ಲಾಂಚ್ ಹಾದಿತು. ಕಾಗದ ಖಾಲಿ.

ಎಳೆದು ನೋಡಿದರೆ ಹತ್ತು ಡಬ್ಬಿಗಳೂ ಚಪ್ಪಟೆ. ಸುತ್ತಲಿನ ನೀರು ಅವನ್ನು ಹಿಸುಕಿ ಒಡೆದು ಒಳಗೆ ಹೊಕ್ಕಿತ್ತು. ಧರ್ಮಾ ಒಂದನ್ನು ತಿರುಗಿಸಿ ನೋಡಿ, ‘ಚಪಾತಿ,’ ಅಂದ. ಅವನು ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು. ನನಗೆ ನಗು ಬರಲಿಲ್ಲ.

ಸಂಜೆ ಚಪ್ಪಟೆ ಡಬ್ಬಿಯನ್ನು ಶೀನಣ್ಣನ ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟೆ.

‘ಎಂತ ಮಾರಾಯ್ರೆ, ಲಾರಿಯ ಅಡಿಗೆ ಹಾಕಿದ್ರಾ?’

‘ನೀರಿನ ಅಡಿಗೆ.’

ಅವರು ಡಬ್ಬಿಯ ಬೆಸುಗೆಯ ಮೇಲೆ ಬೆರಳಾಡಿಸಿದರು. ‘ಬಾಯಿ ಯಾಕೆ ಮುಚ್ಚಿದ್ದು?’

‘ನೀರು ಹೋಗಬಾರದಲ್ಲ.’

‘ಸ್ವಲ್ಪ ಹೋಗ್ಲಿ, ನಿಮಗೇನು ನಷ್ಟ? ನಾವು ಸಣ್ಣದಿರುವಾಗ ಹೊಳೆಯಲ್ಲಿ ಈಜು ಕಲ್ತದ್ದು ಹೇಗೆ? ಕೊಡ ಕವುಚಿ ಹಾಕಿ ಅಪ್ಪಿಕೊಂಡು. ಕೊಡದ ಬಾಯಿಯನ್ನು ಯಾರಾದ್ರೂ ಬೆಸುಗೆ ಹಾಕಿಸ್ತಾರಾ? ಬನ್ನಿ ಇಲ್ಲಿ.’

ಕವುಚಿ ಎಂದರೆ ನಾವು ಧಾರವಾಡದವರು ಬೋರಲು ಎನ್ನುವುದು. ಶೀನಣ್ಣ ನನ್ನನ್ನು ಹೋಟೆಲಿನ ಹಿಂದೆ ಪಾತ್ರೆ ತೊಳೆಯುವ ಕಡೆ ಕರೆದುಕೊಂಡು ಹೋದರು. ಒಂದು ಲೋಟದ ತಳಕ್ಕೆ ಕಾಗದದ ಚೂರು ತುರುಕಿ, ಲೋಟವನ್ನು ಕವುಚಿ, ನೀರಿನ ಹಂಡೆಯೊಳಗೆ ಮೊಣಕೈವರೆಗೆ ಒತ್ತಿದರು. ನೆಟ್ಟಗೆ ಮೇಲೆತ್ತಿ ಕಾಗದ ತೆಗೆದು ನನ್ನ ಕೈಗಿಟ್ಟರು. ಒಣಗಿಯೇ ಇತ್ತು.

‘ಗಾಳಿ ಓಡುವುದಿಲ್ಲ. ನೀರು ದೂಡಿದಷ್ಟು ಒಳಗೆ ಸರಿದು ಕೂತುಕೊಳ್ತದೆ. ಒಳಗೂ ಹೊರಗೂ ಸಮ. ಮತ್ತೆ ಡಬ್ಬಿ ಯಾಕೆ ಚಪ್ಪಟೆ ಆಗ್ತದೆ? ಚಾ ಕುಡಿತೀರಾ?’

ಕುಡಿದೆ. ಇಷ್ಟು ವರ್ಷ ಆಳ ಅಳೆದವನು ನಾನು. ನೀರಿನ ಭಾರ ಲೆಕ್ಕ ಹಾಕಲು ಬರುತ್ತದೆ. ಡಬ್ಬಿಯ ಬಾಯಿ ತೆರೆದಿಡಲು ಹೊಳೆಯಲ್ಲಿ ಈಜು ಕಲಿತವರು ಬೇಕಾಯಿತು.

ಹತ್ತು ಹೊಸ ಡಬ್ಬಿ. ಮುಚ್ಚಳ ಬೇಡ. ಬಾಯಿಯ ಅಂಚಿನಲ್ಲಿ ಮೂರು ತೂತು, ತಕ್ಕಡಿಯ ತಟ್ಟೆಗೆ ಕಟ್ಟುವ ಹಾಗೆ ಮೂರು ಹುರಿ. ಬಾಯಿ ಕೆಳಗೆ. ಒಳಗಿನ ಗಾಳಿಯೇ ಡಬ್ಬಿಯನ್ನು ಎತ್ತಿ ನೆಟ್ಟಗೆ ನಿಲ್ಲಿಸುತ್ತದೆ. ಗಂಟು ಹಾಕಿದವಳು ಗೋದಾಬಾಯಿ. ನಾನು ಹಾಕಿದ ಗಂಟನ್ನು ಬಿಚ್ಚಿ ಮತ್ತೆ ಹಾಕಿದಳು. ಮುಚ್ಚಿದ ಡಬ್ಬಿ ಚಪ್ಪಟೆಯಾದ ಸಂಗತಿ ಧರ್ಮಾ ಅವಳಿಗೆ ಹೇಳಿದ್ದ. ‘ಬಾಯಿ ಮುಚ್ಚಿದವರ ಗತಿ ಅದೇ, ಭಾವು,’ ಅಂದಳು. ಹುರಿ ಎಳೆದು ಬಿಗಿ ಮಾಡುತ್ತ ಹೇಳಿದ ಮಾತು. ನನಗೇ ಹೇಳಿದ್ದು.

ಗಡುವಿನ ಸೋಮವಾರ. ಸೆಳೆತ ಮತ್ತೆ ಶುರುವಾಗಿತ್ತು. ಬೆಂಡುಗಳು ಒಂದೊಂದಾಗಿ ನೀರೊಳಗೆ ಹೋದವು, ಆ ಮಂಗಳವಾರದ ಹಾಗೆಯೇ. ಮೇಲಿಂದ ನೋಡಿದರೆ ಬರೀ ಸಮುದ್ರ. ಧರ್ಮಾ ಈ ಸಲ ದೋಣಿಯಲ್ಲಿರಲಿಲ್ಲ. ಲಾಂಚಿನಲ್ಲಿ ನನ್ನ ಬೆನ್ನ ಹಿಂದೆ ನಿಂತಿದ್ದ. ಅವನ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು. ಸಾಹೇಬರು ಪಕ್ಕದಲ್ಲಿ. ಮುಳ್ಳು ಓಡಿತು. ನೆಲದ ಗೆರೆ. ನೆಲದ ಗೆರೆ. ಮತ್ತೆ ನೆಲದ ಗೆರೆ.

ಆಮೇಲೆ ನಾಲ್ಕು ಮಾರು ಆಳದಲ್ಲಿ ಒಂದು ಗುರುತು ಬಿತ್ತು. ಅದರ ಪಕ್ಕ ಇನ್ನೊಂದು. ಬೋರಲು ಹಾಕಿದ ಪುಟ್ಟ ಬಟ್ಟಲಿನ ಆಕಾರ, ಕಪ್ಪಗೆ. ಬೆರಳಿಟ್ಟು ಎಣಿಸಿದೆ. ಏಳು. ಹತ್ತು ಕಟ್ಟಿದ್ದೆವು. ಮೂರನ್ನು ಸೆಳೆತ ಓರೆ ಮಾಡಿ ಗಾಳಿ ಚೆಲ್ಲಿಸಿತ್ತು. ಅದನ್ನೂ ಬರೆದುಕೊಂಡೆ.

ಸಾರಂಗ ತಾನಾಗಿಯೇ ಚುಕ್ಕಾಣಿ ತಿರುಗಿಸಿದ. ಪಕ್ಕದ ಸಾಲಿಗೆ ಹೋಗದೆ, ಬಲೆಯನ್ನು ಬಿಟ್ಟು ಸುತ್ತು ಹಾಕಿದೆವು.

ಧರ್ಮಾ ಭುಜದ ಮೇಲಿಂದ ಬಗ್ಗಿ ಕಾಗದ ನೋಡಿದ. ‘ಇದಾ ನನ್ನ ಬಲೆ?’

‘ಇದೇ.’

‘ನನ್ನಪ್ಪನ ಜಾಗ,’ ಅಂದ, ‘ಕಾಗದದ ಮೇಲೆ ಬಂದದ್ದು ಇದೇ ಮೊದಲು.’

ಜಾಗ ಉಳಿಯಿತು. ಅವನದೂ, ಅಲ್ಲಿದ್ದ ಉಳಿದ ಕೋಳಿಗಳದೂ. ಷರತ್ತು ಒಂದೇ, ಡಬ್ಬಿ ಕಟ್ಟಬೇಕು. ತಪ್ಪು ಧರ್ಮಾನದು ಎಂಬ ಆ ಹೇಳಿಕೆಯನ್ನು ಸಾಹೇಬರೇ ಹರಿದರು. ಶೀನಣ್ಣನ ಹೋಟೆಲಿನ ಖಾಲಿ ಡಬ್ಬಿಗಳಿಗೆ ಈಗ ಕೋಳಿವಾಡದಲ್ಲಿ ಕ್ಯೂ ಇದೆ. (ನಿಮ್ಮ ಮನೆಯಲ್ಲಿ ಇದ್ದರೆ ಎಸೆಯಬೇಡಿ. ಮುಚ್ಚಳ ನೀವೇ ಇಟ್ಟುಕೊಳ್ಳಿ.) ಮೂರು ಡಬ್ಬಿ ಓರೆಯಾದದ್ದಕ್ಕೂ ಏನಾದರೂ ಮಾಡಬೇಕು, ಮಾಡುತ್ತೇವೆ.

ನನ್ನ ಫಾರಂನಲ್ಲಿ ಮಾತ್ರ ಒಂದು ಬದಲಾವಣೆಯಾಗಿದೆ. ಕಾಗದ ಖಾಲಿ ಬಂದಾಗ ಈಗ ನಾನು ‘ನಿಲ್’ ಎಂದು ಬರೆಯುವುದಿಲ್ಲ. ‘ನಿಲ್ ಸೀನ್’ ಎಂದು ಬರೆಯುತ್ತೇನೆ. ಏನೂ ಇಲ್ಲ ಎಂದಲ್ಲ, ಏನೂ ಕಾಣಲಿಲ್ಲ ಎಂದು. ಇಲ್ಲ ಎನ್ನಲು ನಾನು ಕೆಳಗೆ ಇಳಿದು ನೋಡಿದ್ದೇನೆಯೇ?

ಮೊನ್ನೆ ಸಾಹೇಬರು ಫಾರಂ ತಿರುವುತ್ತ ಕೇಳಿದರು, ಒಂದು ಶಬ್ದ ಸಾಕಾಗುವ ಕಡೆ ಎರಡು ಯಾಕೆ ಬರೆಯುತ್ತೀರಿ?

ಹೇಳಿದೆ. ಆ ಎರಡನೆಯ ಶಬ್ದದಲ್ಲಿ ಒಂದು ದೋಣಿ ಹಿಡಿಸುತ್ತದೆ, ಸಾಹೇಬರೆ.