ಬಿಳಿ ಪ್ಯಾಂಟಿನ ಲಿಸ್ಟು ಮತ್ತು ಅಕ್ಕನ ಕ್ಯಾನ್ವಾಸ್ ಬೂಟು

ಮೆಡಿಟರೇನಿಯನ್ ಸಮುದ್ರದಾಗೆ ಹಡಗಿನ ಪ್ರವಾಸ ಹೋಗೋರು ಏನೇನು ಬಟ್ಟೆ ಒಯ್ಯಬೇಕು ಅಂತ ವಾರಕ್ಕೊಬ್ರಾದ್ರೂ ನನ್ನ ಕೇಳ್ತಾರೆ. ಒಂದ್ಸಲ ಹೋಗಿ ಬಂದು ನಾಲ್ಕು ಫೋಟೋ ಹಾಕಿದ್ದೇ ತಪ್ಪಾತು ನೋಡ್ರಿ. ಇವತ್ತು ಒಂದೇ ಸಲ ಹೇಳಿಬಿಡ್ತೀನಿ, ಆಮೇಲೆ ಯಾರೂ ಮೆಸೇಜ್ ಹಾಕ್ಬ್ಯಾಡ್ರಿ. ಬಿಳಿ ಪ್ಯಾಂಟು ಒಯ್ಯಬ್ಯಾಡ್ರಿ. ಯಾಕ ಅಂದ್ರೆ, ಕೂಡ್ರಿ, ಹೇಳ್ತೀನಿ.

ಕೆ.ಬಿ. ಬಡಾವಣೆ ಪಾರ್ಕಿನಾಗೆ ಬೆಳಿಗ್ಗೆ ವಾಕ್ ಮಾಡೋ ಹೆಂಗಸರ ಗುಂಪು ಒಂದೈತೆ. ನಾನೂ ಅದರಾಗೆ ಇದ್ದೀನಿ. ವಾಕ್ ಅಂದ್ರೆ ಎರಡು ಸುತ್ತು, ಉಳಿದ ಹೊತ್ತೆಲ್ಲ ಬೆಂಚು. ಆ ಬೆಂಚಿನ ಮ್ಯಾಲೇ ಹುಟ್ಟಿದ್ದು ಈ ಪ್ರವಾಸ. ದಸರಾ ಮುಗಿದ ಮ್ಯಾಲೆ ಹನ್ನೆರಡು ಜನ ಹೆಂಗಸರು ಇಟಲಿಗೆ ಹೋಗೋದು, ಅಲ್ಲಿ ಹಡಗು ಹತ್ತೋದು, ವಾರ ಪೂರ್ತಿ ಊರಿಂದ ಊರಿಗೆ ಸುತ್ತೋದು. ನಮ್ಮ ಗುಂಪಿಗೆ ಒಬ್ರು ಲೀಡರು ಅದಾರೆ, ಮೇಡಂ ಅಂತೀವಿ. ಎರಡ್ಸಲ ಸಿಂಗಾಪುರಕ್ಕೆ ಹೋಗಿ ಬಂದಾರೆ. ಹಂಗಾಗಿ ಇಡೀ ಭೂಮಂಡಲದ ಬಗ್ಗೆ ಅವರು ಹೇಳಿದ್ದೇ ಫೈನಲ್.

ಮೇಡಂ ಗ್ರೂಪಿನಾಗೆ ಲಿಸ್ಟ್ ಹಾಕಿದ್ರು. ಬಿಳಿ ಪ್ಯಾಂಟು ಮೂರು. ತೋಳಿಲ್ಲದ ಟಾಪು ಆರು. ಅಗಲದ ಹುಲ್ಲಿನ ಹ್ಯಾಟು. ಎತ್ತರದ ಚಪ್ಪಲಿ. ಒಂದು ಸಂಜೆ ಹಡಗಿನಾಗೆ ದೊಡ್ಡ ಊಟ ಇರ್ತದೆ, ಅದಕ್ಕೆ ಎಲ್ಲಾರೂ ಒಂದೇ ಬಣ್ಣದ ಉದ್ದ ಗೌನು, ಮೇಡಂ ಟೇಲರ್ ಹತ್ರನೇ ಹೊಲಿಸ್ಬೇಕು. ಕೊನೆಗೆ ದಪ್ಪ ಅಕ್ಷರದಾಗೆ: ಸೀರೆ ಬ್ಯಾಡ, ಸೀರೆ ಉಟ್ಟೋರಿಂದ ಗುಂಪು ಸ್ಲೋ ಆಗ್ತದೆ, ಅಂಥೋರು ಊರು ನೋಡಾಕೆ ಇಳಿಯೋದು ಬ್ಯಾಡ, ಹಡಗಿನಾಗೇ ಇರ್ಲಿ.

ಇದು ಯಾರಿಗೆ ಬರೆದಿದ್ದು ಅಂತ ಕುರುಡರಿಗೂ ಗೊತ್ತಾಗ್ತಿತ್ತು. ಹನ್ನೆರಡು ಜನದಾಗೆ ಸೀರೆ ಬಿಟ್ಟು ಬ್ಯಾರೆ ಏನೂ ಉಡದೋಳು ಒಬ್ಬಳೇ. ನಮ್ಮಕ್ಕ.

ಅಕ್ಕ ಇರೋದು ಹರಿಹರದಾಗೆ. ಹೈಸ್ಕೂಲಿನಾಗೆ ಮೂವತ್ತು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿ ರಿಟೈರ್ ಆದೋಳು. ಹೊರದೇಶ ಅಂತ ಒಂದನ್ನೂ ಕಂಡಿಲ್ಲ. ಈ ಪ್ರವಾಸಕ್ಕೆ ಬರ್ತೀಯೇನೆ ಅಂತ ಬಾಯಿಮಾತಿಗೆ ಕೇಳಿದ್ದೆ. ಮೊದಲು ಯಾವ ಯಾವ ಊರು ಹೇಳು ಅಂದ್ಲು. ನಾನು ಓದ್ತಾ ಹೋದೆ. ನೇಪಲ್ಸ್ ಅಂತಿದ್ದಂಗೆ ಸಾಕು ನಿಲ್ಲಿಸು ಅಂದ್ಲು.

"ಅಲ್ಲಿ ವೆಸುವಿಯಸ್ ಜ್ವಾಲಾಮುಖಿ ಐತೆ. ಮೂವತ್ತು ವರ್ಷ ಬೋರ್ಡ್ ಮ್ಯಾಲೆ ಅದರ ಚಿತ್ರ ಬರ್ದೀನಿ. ಬಾಕಿ ಊರು ನೋಡಿದ್ರೂ ಸೈ, ಬಿಟ್ರೂ ಸೈ. ಆ ಗುಡ್ಡ ಒಂದು ಹತ್ತಬೇಕು ನಾನು."

ಈಗ ಆ ಗುಡ್ಡಕ್ಕೇ ಲಿಸ್ಟ್ ಅಡ್ಡ ಬಂತು. ನಾನೇನು ಮಾಡಿದೆ? ಅಕ್ಕನ ಪರವಾಗಿ ಒಂದು ಮಾತಾಡೋದು ಬಿಟ್ಟು, ಹರಿಹರಕ್ಕೆ ಹೋಗಿ ಅವಳನ್ನ ಅಂಗಡಿಗೆ ಎಳ್ಕೊಂಡು ಹೋದೆ. ಕಪ್ಪು ಪ್ಯಾಂಟು ಒಂದು ಕೊಡಿಸಿದೆ. ಅದನ್ನ ಹಾಕ್ಕೊಂಡು ತಾರಸಿ ಮ್ಯಾಲೆ ಹತ್ತು ಹೆಜ್ಜೆ ನಡೆದು ನಿಂತ್ಲು.

"ಹೆಂಗೈತೆ?" ಅಂದೆ.

"ನನ್ನ ಮಂಡಿ ಎಲ್ಲಿ ಐತೆ ಅಂತ ಇಷ್ಟು ವರ್ಷ ನನಗೊಬ್ಬಳಿಗೇ ಗೊತ್ತಿತ್ತು. ಇನ್ನು ಊರಿಗೆಲ್ಲ ಗೊತ್ತಾಗ್ತದೆ."

"ಒಂದೇ ದಿನದ ಮಾತು ಅಕ್ಕ. ಮೇಡಂ ಜೊತೆ ಯಾಕ ಜಗಳ?"

"ಜಗಳ ಯಾರು ಆಡಿದ್ರೀಗ? ನೀನೇ ಹೆದ್ರಿ ಸಾಯಾಕತ್ತೀಯ. ಆ ಲಿಸ್ಟ್ ತೋರಿಸು ಇಲ್ಲಿ."

ಕನ್ನಡಕ ಏರಿಸಿ ಓದಿದ್ಲು, ಉತ್ತರಪತ್ರಿಕೆ ಓದೋಹಂಗೆ. "ಛತ್ರಿ ಎಲ್ಲೈತೆ? ಸ್ವೆಟರ್ ಎಲ್ಲೈತೆ? ಮೆಡಿಟರೇನಿಯನ್ ವಾಯುಗುಣ, ಬೇಸಿಗೆ ಒಣ, ಚಳಿಗಾಲದಾಗೆ ಮಳೆ. ಎರಡು ಮಾರ್ಕಿನ ಪ್ರಶ್ನೆ, ದಡ್ಡ ಹುಡುಗ್ರೂ ಬರೀತಿದ್ರು. ಆ ಮಳೆ ಶುರುವಾಗೋದೇ ನಾವು ಹೋಗೋ ಹೊತ್ತಿಗೆ."

ಅಕ್ಕ ಹಿಂಗಂತಾಳೆ ಅಂತ ನಾನು ಗ್ರೂಪಿನಾಗೆ ಹಾಕಿದೆ. ಮೇಡಂ ನಗೋ ಮುಖ ಮೂರು ಹಾಕಿ ಬರೆದ್ರು: "ಟೀಚರಮ್ಮ, ಅದು ಪುಸ್ತಕದ ಮಾತು. ನಾನು ವಿಡಿಯೋನೇ ನೋಡೀನಿ. ಎಲ್ಲಾ ಬಿಸಿಲು." ವಿಡಿಯೋ ಮಾಡಿದೋರು ಯಾವ ತಿಂಗಳಿನಾಗೆ ಹೋಗಿದ್ರು ಅಂತ ಒಬ್ರೂ ಕೇಳ್ಲಿಲ್ಲ. ಒಂಬತ್ತು ಜನ ಚಪ್ಪಾಳೆ ಒತ್ತಿದ್ರು. ನಾನೂ ಹೆಬ್ಬೆರಳು ಒತ್ತಿದೆ. ಒತ್ತಿಲ್ಲ ಅಂತ ಈಗ ಸುಳ್ಳು ಹೇಳೋದು ಬ್ಯಾಡ.

ಮನೆಯಿಂದ ಹೊರಡೋ ದಿನ ನಮ್ಮೆಲ್ಲಾರ ಸೂಟ್‌ಕೇಸು ನೋಡಿದ್ರೆ ಮದುವಿ ಹೆಣ್ಣು ಕಳಿಸಾಕತ್ತಾರೇನೋ ಅನ್ನಬೇಕು. ಅಕ್ಕನದು ಒಂದು ಸಣ್ಣ ಸೂಟ್‌ಕೇಸು, ಹೆಗಲಿಗೆ ಒಂದು ಬಟ್ಟೆ ಚೀಲ. ಆ ಚೀಲದ ಗುಟ್ಟು ನನಗೆ ಗೊತ್ತು. ನಮ್ಮವ್ವ ಉಕ್ಕಡಗಾತ್ರಿ ಜಾತ್ರೆಗೆ ಹೋದಾಗೆಲ್ಲ ಹೊಳೆಯಾಗೆ ಮುಳುಗು ಹಾಕೋಳು. ಒಣ ಬಟ್ಟೆಯ ಒಂದು ಜೊತೆ ಬ್ಯಾರೆ ಚೀಲದಾಗೆ ಇಟ್ಕೊಂಡು, ಅದನ್ನ ಯಾರ ಕೈಗೂ ಕೊಡ್ತಿರಲಿಲ್ಲ. ಬ್ಯಾರೆಯವರ ಕೈಗೆ ಚೀಲ ಕೊಟ್ಟೋರು ಗದ್ದಲದಾಗೆ ಅವರನ್ನ ಹುಡುಕ್ತಾ ಒದ್ದೆ ಸೀರೆಯಾಗೇ ನಡುಗ್ತಾ ನಿಲ್ತಿದ್ರು. ಅಕ್ಕ ಇಟಲಿಗೂ ಅದೇ ಚೀಲ ಹೊತ್ಲು. ಸೀರೆ, ಕುಬುಸ, ಲಂಗ, ಟವೆಲು, ಶಾಲು, ತೆಳ್ಳಗಿನ ಪ್ಲಾಸ್ಟಿಕ್ ರೇನ್‌ಕೋಟು, ನಡುವೆ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ.

"ಟೀಚರಮ್ಮ ಜಾತ್ರೆಗೆ ಹೊಂಟಾರೆ" ಅಂದ್ರು ಮೇಡಂ. ನಕ್ಕೋರಾಗೆ ನಾನೂ ಇದ್ದೆ.

ಬಂದರಿನಾಗೆ ಹಡಗು ಹತ್ತೋ ಮುಂಚೆ ದೊಡ್ಡ ಸೂಟ್‌ಕೇಸೆಲ್ಲ ಅವರೇ ಇಸ್ಕೊಂಡು ಬಿಡ್ತಾರೆ, ರೂಮಿಗೆ ತಂದಿಡೋದು ಸಂಜೆಗೆ. ಲಿಸ್ಟಿನಾಗೆ ಇದು ಇರಲಿಲ್ಲ. ಎರಡು ದಿನ ವಿಮಾನದಾಗೆ, ಬಸ್ಸಿನಾಗೆ ಹಾಕ್ಕೊಂಡಿದ್ದ ಬಟ್ಟೆಯಾಗೇ ಹನ್ನೊಂದು ಜನ ಬೆವರು ನಾರ್ತಾ ಮಧ್ಯಾಹ್ನದ ಊಟಕ್ಕೆ ಕೂತ್ವಿ. ಅಕ್ಕ ಸ್ನಾನ ಮಾಡಿ, ಇಸ್ತ್ರಿ ಮಡಿಕೆ ಬಿಚ್ಚಿದ ಇಳಕಲ್ ಸೀರೆ ಉಟ್ಟು ಬಂದು ಕೂತು, "ಇಲ್ಲಿ ಸೊಪ್ಪಿನ ಪಲ್ಯ ಯಾವುದು?" ಅಂತ ಕೇಳಿದ್ಲು. ಮೇಡಂ ಕಿಟಕಿ ಕಡೆ ತಿರುಗಿ ಸಮುದ್ರ ನೋಡಿದ್ರು.

ಗೌನಿನ ಕತೆ ಇನ್ನೂ ಚಂದ. ನಮ್ಮ ಕಡೆ ಮದುವೆಯಾಗೆ ಹೆಣ್ಣಿನ ಕಡೆಯೋರೆಲ್ಲ ಒಂದೇ ಬಣ್ಣದ ಸೀರೆ ಉಡ್ತಾರಲ್ಲ, ಅದೇ ಗತ್ತು ಹಡಗಿಗೂ ಒಯ್ದಿದ್ವಿ. ಒಂದೇ ದ್ರಾಕ್ಷಿ ಬಣ್ಣ, ಒಂದೇ ಟೇಲರು, ಹನ್ನೊಂದು ಗೌನು. ಸಾಲಾಗಿ ಊಟದ ಹಾಲಿಗೆ ಹೋದ್ವಿ. ಒಬ್ಬ ಬಿಳಿ ಮುದುಕಮ್ಮ ಬಾಳ ಪ್ರೀತಿಯಿಂದ ಮೇಡಂ ಕೈ ಹಿಡ್ಕೊಂಡು, ನಿಮ್ಮ ಹಾಡಿನ ಕಾರ್ಯಕ್ರಮ ಎಷ್ಟು ಗಂಟೆಗೆ ಅಂತ ಕೇಳಿದ್ಲು. ಮೇಡಂ ಮುಖ ಗೌನಿನ ಬಣ್ಣಕ್ಕೇ ಬಂತು. ಸೀರೆಯಾಗಿದ್ದ ಅಕ್ಕನ್ನ ಯಾರೂ ಏನೂ ಕೇಳ್ಲಿಲ್ಲ.

ಆಮೇಲೆ ನೇಪಲ್ಸ್ ಬಂತು. ಬೆಳಿಗ್ಗೆನೇ ಮೋಡ, ಹನಿ ಮಳೆ. ಹನ್ನೊಂದು ಜನ ಲಿಸ್ಟಿನ ಪ್ರಕಾರ ಬಿಳಿ ಪ್ಯಾಂಟು. ನಾನು ಚಪ್ಪಲಿ ಒಂದು ಬಿಟ್ಟು ಪಾರ್ಕಿನ ಶೂ ಹಾಕಿದ್ದೆ, ಹಿಮ್ಮಡಿ ಗುಳ್ಳೆ ಎದ್ದಿತ್ತು, ಅದಕ್ಕೆ. ಅಕ್ಕ ಬಂದ್ಲು. ಸೀರೆಯಾಗೇ. ಕಣಕಾಲಿನ ಮಟ ಎತ್ತಿ ಉಟ್ಟು, ಸೆರಗು ಸೊಂಟಕ್ಕೆ ಸಿಗಿಸಿ, ಮ್ಯಾಲೆ ಸ್ವೆಟರ್, ಕಾಲಿಗೆ ಕ್ಯಾನ್ವಾಸ್ ಬೂಟು. ಶಾಲೆ ಹುಡುಗ್ಯಾರನ್ನ ಗೈಡ್ಸ್ ಕ್ಯಾಂಪಿಗೆ ಕೊಂಡಜ್ಜಿಗೆ ಕರ್ಕೊಂಡು ಹೋಗುವಾಗ ಇದೇ ವೇಷ. ಕೆರೆ ಸುತ್ತ, ಗುಡ್ಡದ ಮ್ಯಾಲೆ ಹುಡುಗ್ಯಾರಿಗಿಂತ ಮುಂದೆ ನಡೆಯೋಳು.

"ಟೀಚರಮ್ಮ, ಲಿಸ್ಟ್ ಓದಿಲ್ಲೇನು?" ಅಂದ್ರು ಮೇಡಂ.

"ಓದೀನಿ ಮೇಡಂ. ಮಾರ್ಕ್ಸ್ ಇನ್ನೂ ಹಾಕಿಲ್ಲ."

"ನೀವು ಹಡಗಿನಾಗೇ ಇರ್ರಿ. ಗುಂಪು ಸ್ಲೋ ಆಗ್ತದೆ."

ಎಲ್ಲಾರೂ ನನ್ನ ಮುಖ ನೋಡಿದ್ರು. ಅಕ್ಕ ನೋಡ್ಲಿಲ್ಲ. ಅವಳು ನೋಡದೆ ಇದ್ದಿದ್ದೇ ನನಗೆ ಚುಚ್ಚಿತು. "ಅಕ್ಕ ಇಳಿಯಂಗಿಲ್ಲ ಅಂದ್ರೆ ನಾನೂ ಇಳಿಯಂಗಿಲ್ಲ ಮೇಡಂ, ಎರಡು ಟಿಕೆಟ್ ದಂಡ" ಅಂದೆ. ಮೇಡಂ ಏನೋ ಗೊಣಗಿ ಬಸ್ಸು ಹತ್ತಿದ್ರು. ಹಿಂದೆ ನಾವೂ ಹತ್ತಿದ್ವಿ.

ಬಸ್ಸು ಗುಡ್ಡದ ಮುಕ್ಕಾಲು ಭಾಗ ಹತ್ತಿ ನಿಲ್ತದೆ. ಅಲ್ಲಿಂದ ಅರ್ಧ ತಾಸು ನಡಿಗೆ, ಕಾಲಡಿ ಬರೀ ಕಪ್ಪು ಜಲ್ಲಿ. ಅಲ್ಲಿನ ಗೈಡ್ ಹೆಂಗಸು ಬಸ್ಸಿನ ಬಾಗಿಲಿನಾಗೆ ನಿಂತು ಯಾರ ಮುಖನೂ ನೋಡ್ಲಿಲ್ಲ, ಎಲ್ಲಾರ ಕಾಲು ನೋಡಿದ್ಲು. ಎತ್ತರದ ಚಪ್ಪಲಿ ಕಂಡಲ್ಲೆಲ್ಲ ತಲೆ ಅಲ್ಲಾಡಿಸಿದ್ಲು. ಅಕ್ಕನ ಬೂಟು ನೋಡಿ ದಾರಿ ಬಿಟ್ಲು. ಆದ್ರೂ ಹಟಕ್ಕೆ ಮೇಡಂ ಇಳಿದ್ರು. ಗಾಳಿ ಬೀಸ್ತು ನೋಡ್ರಿ, ಹುಲ್ಲಿನ ಹ್ಯಾಟು ಕಣಿವೆಗೆ ಹೋತು. ತೋಳಿಲ್ಲದ ಟಾಪಿನಾಗೆ ಮೇಡಂ ಗಡಗಡ ನಡುಗಿ ಮತ್ತೆ ಬಸ್ಸಿನಾಗೆ ಹೋಗಿ ಕೂತ್ರು. ಅವರ ಹಿಂದೆ ಒಂಬತ್ತು ಬಿಳಿ ಪ್ಯಾಂಟು.

ನಾವಿಬ್ರು ಹತ್ತಿದ್ವಿ. ನನ್ನ ಪ್ಯಾಂಟು ಮಂಡಿ ಮಟ ಬೂದಿ ಬಣ್ಣ ಆತು, ಹಲ್ಲು ಕಟಕಟ ಅಂತಿತ್ತು. ಅಕ್ಕ ಚೀಲದಿಂದ ಶಾಲು ತೆಗೆದು ನನ್ನ ಮ್ಯಾಲೆ ಎಸೆದ್ಲು.

"ನಿನಗೆ ಚಳಿ ಇಲ್ಲೇನೆ?" ಅಂದೆ.

ಅವಳು ನಿಂತು ಸೀರೆ ಅಂಚು ಒಂದು ಗೇಣು ಎತ್ತಿ ತೋರಿಸಿದ್ಲು. ಒಳಗೆ ನಾನು ಕೊಡಿಸಿದ್ದ ಕಪ್ಪು ಪ್ಯಾಂಟು. "ಬೆಚ್ಚಗೈತೆ. ಲಂಗಕ್ಕಿಂತ ಚಲೋ. ನಿಮ್ಮ ಮೇಡಂಗೆ ಹೇಳ್ಬ್ಯಾಡ, ಖುಷಿ ಪಡ್ತಾರೆ."

ಮ್ಯಾಲೆ ಹೋದಾಗ ಮಳೆ ನಿಂತಿತ್ತು. ದೊಡ್ಡ ಗುಂಡಿ. ಬೆಂಕಿ ಇಲ್ಲ, ಏನಿಲ್ಲ. ಬಂಡೆ ಸಂದಿನಾಗೆ ಅಲ್ಲಲ್ಲಿ ಸ್ವಲ್ಪ ಹೊಗೆ. ಇಷ್ಟಕ್ಕೇನಾ ಅಂತ ನನಗನ್ನಿಸಿದ್ದು ನಿಜ. ಅಕ್ಕ ಕಟ್ಟೆ ಹಿಡ್ಕೊಂಡು ಬಾಳ ಹೊತ್ತು ನಿಂತ್ಲು. ಬಸ್ಸಿನ ಹೊತ್ತಾತು ಅಂತ ನಾನು ಎರಡ್ಸಲ ಹೇಳಿದೆ. ಆಮೇಲೆ ಬೆರಳಿನಾಗೆ ಗಾಳಿ ಮ್ಯಾಲೆ ಗುಡ್ಡದ ಗೆರೆ ಎಳೆದ್ಲು, ಮೊದಲು ಒಂದು ಥರ, ಆಮೇಲೆ ಇನ್ನೊಂದು ಥರ.

"ತುದಿ ಇಷ್ಟು ಅಗಲ ಐತೆ" ಅಂದ್ಲು. "ಮೂವತ್ತು ವರ್ಷ ನಾನು ಬಾಳ ಚೂಪು ಬರೀತಿದ್ದೆ."