ಖಾಲಿ ಹಾಳೆಯ ಮೇಲಿನ ಸಹಿ

ಮಕ್ಕಳೇ, ನಿಮ್ಮ ಅಜ್ಜಿ ಒಂದು ಕಂಪನಿಯ ಡೈರೆಕ್ಟರ್ ಆಗಿದ್ದಳು ಎಂದರೆ ನೀವು ನಗುತ್ತೀರಿ. ನಾನೂ ನಕ್ಕಿದ್ದೆ. ಕೊಡ್ಲಿ ಎಂಬ ಊರಿನ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು, ಅಂಗಡಿಯಲ್ಲಿ ಉಳಿದ ಚಿಲ್ಲರೆ ಕೇಳಲಿಕ್ಕೂ ನಾಚುವವಳು.

ಸೇಡಂನಲ್ಲಿ ರೈತರೇ ಸೇರಿ ಕಟ್ಟಿದ ತೊಗರಿಬೇಳೆ ಕಂಪನಿ ಅದು. ನಿಮ್ಮ ಅಜ್ಜ ಹೋದ ಮೇಲೆ ಅವರ ಷೇರು ನನ್ನ ಹೆಸರಿಗೆ ಬಂದಿತ್ತು. ಒಂದು ವರ್ಷ ತಪಾಸಣೆಯವರು ಬಂದು, ಲೆಕ್ಕದಲ್ಲಿರುವ ತೊಗರಿ ಚೀಲಗಳನ್ನು ತೋರಿಸಿ ಎಂದರು. ಗೋದಾಮಿನ ಮುಂದಿನ ಸಾಲಿನಲ್ಲಿ ತೊಗರಿಯೇ ಇತ್ತು. ಹಿಂದಿನ ಸಾಲುಗಳ ಚೀಲಗಳಲ್ಲಿ ಬರೀ ಹೊಟ್ಟು. ಪತ್ರಿಕೆಯಲ್ಲಿ ಸುದ್ದಿಯಾಯಿತು. ಸುಧಾರಣೆ ಶುರುವಾಯಿತು.

ಅಧ್ಯಕ್ಷರು ರಾಜೀನಾಮೆ ಕೊಟ್ಟು ಸಲಹೆಗಾರರಾದರು. ಅವರ ಅಳಿಯ ಅಧ್ಯಕ್ಷನಾದ. ನೀತಿ ನಿಯಮಗಳಿಗೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದರು. ಮೊಳೆ ಸಡಿಲಾಗಿ ಆ ಚೌಕಟ್ಟು ಎರಡು ಸಲ ಬಿತ್ತು. ಯಾರೂ ಹರಿಯಬಾರದೆಂದು, ಸಭೆಯ ತೀರ್ಮಾನ ಬರೆಯುವ ಠರಾವು ಪುಸ್ತಕದ ಪ್ರತಿ ಹಾಳೆಗೂ ಸಲಹೆಗಾರರು ಆಡಿಟರಿಂದ ನಂಬರು ಹಾಕಿಸಿ ಮೊಹರು ಒತ್ತಿಸಿದರು. ಯಾರ ಕಡೆಯವಳೂ ಅಲ್ಲದ ಒಬ್ಬ ಹೆಣ್ಣುಮಗಳು ಡೈರೆಕ್ಟರುಗಳ ಮಂಡಳಿಯಲ್ಲಿ ಇರಲೇಬೇಕೆಂದು ಮೇಲಿನಿಂದ ಸೂಚನೆ ಬಂದಾಗ, ಸಲಹೆಗಾರರು ನಮ್ಮ ಮನೆಗೇ ಬಂದರು.

"ನನಗ ನಾಕ್ ಮಂದ್ಯಾಗ ಮಾತಾಡ್ಲಿಕ್ಕೆ ಬರಂಗಿಲ್ರಿ ಅಣ್ಣಾರ," ಎಂದೆ.

"ಅದಕ್ಕೇ ನಿಮ್ಮಲ್ಲಿಗಿ ಬಂದೀವ್ರಿ ಅಕ್ಕಾರ!"

ಮೊದಲೆರಡು ಸಭೆಗಳಲ್ಲಿ ಗುಮಾಸ್ತ ಚಹಾದ ಜೊತೆಗೇ ಠರಾವು ಪುಸ್ತಕ ತಂದಿಟ್ಟ. ಹಾಳೆ ಖಾಲಿ. "ಕೆಳಗ ಸಹಿ ಮಾಡ್ರಿ ಕಾಕಿ, ಮ್ಯಾಲಿಂದು ಆಮ್ಯಾಲ ಬರ್ಕೋತೀವಿ," ಎಂದ. ಅಲ್ಲಿಯ ಪದ್ಧತಿಯೇ ಅದು. ಎಲ್ಲರೂ ಮಾಡಿದರು, ನಾನೂ ಮಾಡಿದೆ. ಚಹಾ ಚೆನ್ನಾಗಿತ್ತು.

ಮೂರನೆಯ ಸಭೆಯ ದಿನ ಗೋದಾಮು ನೋಡಿಕೊಳ್ಳುವ ಚಾಚಾ ಟೋಪಿ ತೊಡೆಯ ಮೇಲಿಟ್ಟುಕೊಂಡು ಹೊರಗೆ ಕೂತಿದ್ದರು. ಗುಮಾಸ್ತ ನನ್ನ ಕಿವಿಯಲ್ಲಿ ಹೇಳಿದ: "ಇವತ್ತ ಚಾಚಾಗ ಕೆಲಸದಿಂದ ತಗೀತಾರ್ರಿ. ಚೀಲಾ ಅವರೇ ಬದ್ಲಿ ಮಾಡ್ಯಾರ ಅಂತ ಬರೀಬೇಕಂತ. ಸಹಿ ಮಾಡ್ರಿ, ಚಾ ಆರ್ಲಿಕತ್ತದ."

ಒಲ್ಲೆ ಎನ್ನಲು ಬಾಯಿ ಬರಲಿಲ್ಲ. ಸಹಿ ಮಾಡಿದೆ. ಸಹಿಯ ಮೇಲುಗಡೆ, ಶಾಲೆಯಲ್ಲಿ ಕಲಿತ ದುಂಡಕ್ಷರದಲ್ಲಿ ಬರೆದೆ: "ನಾನು ಸಹಿ ಮಾಡುವಾಗ ಈ ಹಾಳೆ ಖಾಲಿ ಇತ್ತು."

ಪುಸ್ತಕ ಕೈಯಿಂದ ಕೈಗೆ ಹೋಯಿತು.

"ಇದೇನ್ ಬರ್ದೀರ್ರಿ ಅಕ್ಕಾರ?" ಎಂದರು ಸಲಹೆಗಾರರು.

"ಖಾಲಿ ಇತ್ತಲ್ರಿ," ಎಂದೆ.

"ಹರದ್ ಒಗೀ ಅದನ್ನ," ಎಂದರು ಅಳಿಯನಿಗೆ.

"ಹೆಂಗ ಹರೀಲಿ ಮಾವಾ? ನಂಬರ್ ಅದ, ಮೊಹರೂ ಅದ. ನೀವೇ ಹಾಕ್ಸೀರಿ."

ಆ ಸಾಲಿರುವ ಹಾಳೆಯಲ್ಲಿ ಆಮೇಲೆ ಏನೂ ಬರೆದುಕೊಳ್ಳುವಂತಿರಲಿಲ್ಲ; ಹೀಗಾಗಿ ನಿಜವಾಗಿಯೂ ಸಭೆ ನಡೆಸಬೇಕಾಯಿತು. ಚಾಚಾರನ್ನು ಒಳಗೆ ಕರೆದರು. ಅವರು ಜೇಬಿನಿಂದ ಚೀಟಿಗಳ ಕಟ್ಟು ತೆಗೆದು ಮೇಜಿನ ಮೇಲಿಟ್ಟರು. "ಯಾವ ಚೀಲಾ ಹೊರಗ ಕಳಿಸ್ಬೇಕು ಅಂತ ನೀವೇ ಬರ್ಕೊಟ್ಟಿದ್ದು ಇವು, ಸಾಬ್. ನಾ ಬರೀ ಬೀಗಾ ತಗದೀನಿ." ಸಲಹೆಗಾರರು ಫ್ಯಾನು ನೋಡತೊಡಗಿದರು.

ಬಹಳ ಹೊತ್ತು ಚರ್ಚೆಯಾಗಿ ಒಂದು ಠರಾವು ಹುಟ್ಟಿತು: ಬೇಳೆ ಮಾಡುವ ಯಂತ್ರದ ದೋಷದಿಂದ ಚೀಲಗಳಿಗೆ ಹೊಟ್ಟು ಸೇರಿದೆ, ಯಾರದೂ ತಪ್ಪಿಲ್ಲ, ಗೋದಾಮಿನ ಕೆಲಸಗಾರರನ್ನು ಮುಂದುವರಿಸತಕ್ಕದ್ದು. ಗುಮಾಸ್ತ ಮುಂದಿನ ಹಾಳೆ ತುಂಬ ಬರೆದು ಗಟ್ಟಿಯಾಗಿ ಓದಿದ.

ಅದು ಸುಳ್ಳೆಂದು ನನಗೆ ಗೊತ್ತಿತ್ತು. ಚಾಚಾ ನನ್ನ ಪೆನ್ನನ್ನೇ ನೋಡುತ್ತಿದ್ದರು. ಸಹಿ ಮಾಡಿದೆ.

ಏನೂ ತಪ್ಪು ಮಾಡದ ಯಂತ್ರವನ್ನು ಮುಂದಿನ ತಿಂಗಳು ಗುಜರಿಗೆ ಹಾಕಿದರು.