ಸಗಣಿ ಗ್ಯಾಸಿನ ಮನೆಯಲ್ಲಿ ಬಾಣಂತನ

ನನ್ನ ಮೊದಲ ಮೊಮ್ಮಗಳು ಹುಟ್ಟಿದಾಗ ಅವಳ ಮೈಗೆ ಎರೆಯುವ ನೀರು ಕಾಯಿಸುವ ಕೆಲಸ ನನ್ನದಾಗಿತ್ತು. ಬಾಣಂತಿಯ ಬಚ್ಚಲ ಕಡೆ ಗಂಡಸು ಸುಳಿಯುವಂತಿರಲಿಲ್ಲ. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುವವಳೂ, ಹಂಡೆಯಿಂದ ನೀರು ತೋಡುವವಳೂ ನನ್ನ ಹೆಂಡತಿಯೇ. ನಾನು ಹಿತ್ತಲಲ್ಲಿ ಸಗಣಿ ಕಲಸುತ್ತ ನಿಂತಿರುತ್ತಿದ್ದೆ. ಆದರೂ ಆ ನೀರು ನಂದೇ! ನಾನು ಕಲಸಿದ ಸಗಣಿ ಗುಂಡಿಗಿಳಿದು, ಗ್ಯಾಸಾಗಿ, ಕೊಳವೆ ಹಿಡಿದು ಒಳಗೆ ಹೋಗಿ, ನೀಲಿ ಉರಿಯಾಗಿ ಹಂಡೆಯ ತಳ ನೆಕ್ಕಿ, ಕೊನೆಗೆ ಬಿಸಿನೀರಾಗಿ ಆ ಹುಡುಗಿಯ ಪುಟ್ಟ ಬೆನ್ನ ಮೇಲೆ ಬೀಳುತ್ತಿತ್ತಲ್ಲ! ಇಂಥ ಭಾಗ್ಯ ನಮ್ಮ ಕುರುಗೋಡಿನಲ್ಲಿ ಬೇರೆ ಯಾವ ತಾತನಿಗಿತ್ತು ಹೇಳಿ.

ನಾನು ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವನು. ದೊಡ್ಡ ಮಾತು ಬರೆಯಲು ಬರುವುದಿಲ್ಲ. ಆದರೆ ಆ ಚಳಿಗಾಲವನ್ನು ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಎಂಬತ್ತರ ದಶಕ ಶುರುವಾದ ಹೊತ್ತು. ಮನೆಯಲ್ಲಿ ಎತ್ತು, ಎಮ್ಮೆ, ಆಕಳು ಎಲ್ಲ ಇದ್ದವು. ಹೆಂಡತಿಗೆ ಒಲೆಯ ಹೊಗೆಗೆ ಕೆಮ್ಮು ಹತ್ತಿತ್ತು. ಸುತ್ತಲಿನ ಗುಡ್ಡಗಳಲ್ಲಿ ಕಲ್ಲು ಬಿಟ್ಟರೆ ಕಟ್ಟಿಗೆಯಾದರೂ ಎಲ್ಲಿತ್ತು? ಬ್ಲಾಕ್ ಆಫೀಸಿನವರು ಬಂದು ಗೋಬರ್ ಗ್ಯಾಸಿನ ವಿಷಯ ಹೇಳಿದ್ದೇ ತಡ, ನಾನು ಹಿತ್ತಲಲ್ಲಿ ಗುಂಡಿ ತೋಡಿಸಿದೆ. ಊರಿನ ಸಾಬರ ಮೇಸ್ತ್ರಿ ಇಟ್ಟಿಗೆ ಕಟ್ಟಿದ. ಮೇಲೆ ಬೋರಲು ಹಾಕಿದ ಮಡಕೆಯಂತೆ ಒಂದು ದೊಡ್ಡ ಕಬ್ಬಿಣದ ಡ್ರಮ್ಮು. ಒಳಗೆ ಗ್ಯಾಸು ತುಂಬಿದರೆ ಅದು ಮೇಲೇಳುತ್ತಿತ್ತು, ಅಡುಗೆ ಮಾಡಿದಂತೆ ಇಳಿಯುತ್ತಿತ್ತು. ನಾನು ಬೆಳಿಗ್ಗೆ ಎದ್ದು ಮೊದಲು ನೋಡುತ್ತಿದ್ದುದೇ ಅದರ ಮುಖವನ್ನು.

ಸಗಣಿಗೆ ನಮ್ಮ ಕಡೆ ಹೆಂಡಿ ಎನ್ನುತ್ತಾರೆ. ನೆರೆಹೊರೆಯವರು, "ಹೆಂಡ್ಯಾಗ ಬೇಯ್ಸಿದ್ದು ಉಣ್ಣಾಕ ನಾವ್ ಬರಂಗಿಲ್ಲಪಾ" ಎಂದು ಮೂಗು ಮುಚ್ಚಿಕೊಂಡರು. ನಾಕು ದಿನ ಕಳೆದ ಮೇಲೆ ಅವರೇ ಬಂದು ಚಹಾ ಕುಡಿದು, ಲೋಟ ಮೂಸಿ ನೋಡಿ, ಏನೂ ವಾಸನೆ ಇಲ್ಲವೆಂದು ಇನ್ನೊಂದು ಲೋಟ ಕೇಳಿದರು.

ಹೆಂಡತಿಯ ಕೆಮ್ಮು ಕಡಿಮೆಯಾಯಿತು. ಪಾತ್ರೆಗಳು ಮಸಿ ಹಿಡಿಯುವುದು ನಿಂತಿತು. ಗುಂಡಿಯಿಂದ ಹೊರಬಂದ ಬಗ್ಗಡವನ್ನು ಹೊಲಕ್ಕೆ ಹಾಕಿದರೆ ಜೋಳದ ತೆನೆ ಕೈಗೆ ಭಾರ. ಆದರೆ ಆಕೆಗೆ ಪೂರ್ತಿ ಸಮಾಧಾನವಿರಲಿಲ್ಲ.

"ಕೆಂಡ ಇಲ್ಲದ ಒಲಿ ಅದೊಂದ್ ಒಲೀನಾ? ರೊಟ್ಟಿ ಎಲ್ಲಿ ಒರಗಿಸ್ಲಿ, ನಿಮ್ಮ ತಲಿ ಮ್ಯಾಲ?" ಎನ್ನುತ್ತಿದ್ದಳು.

ನಾನು ಕೇಳಬೇಕಲ್ಲ! ಹುರುಪಿನಲ್ಲಿ ಹಳೆಯ ಒಲೆಯನ್ನು ಕಿತ್ತು ಹಾಕಿಸಿದ್ದೆ. ಸಗಣಿಯೆಲ್ಲ ಗುಂಡಿಗೆ ಬೇಕಾದ್ದರಿಂದ ಉರುವಲಿಗೆ ಕುಳ್ಳು ತಟ್ಟುವುದೂ ನಿಂತಿತ್ತು.

ಮಗಳನ್ನು ಸಿರುಗುಪ್ಪಕ್ಕೆ ಕೊಟ್ಟಿದ್ದೆವು. ಅವರ ಮನೆ ಅಕ್ಕಿ ಗಿರಣಿಯ ಬಾಜೂಕೇ. ಅಲ್ಲಿ ಕಟ್ಟಿಗೆಯೂ ಇಲ್ಲ, ಸಗಣಿಯೂ ಇಲ್ಲ, ಎಲ್ಲ ಭತ್ತದ ಹೊಟ್ಟಿನ ಮೇಲೆ ನಡೆಯುತ್ತಿತ್ತು. ಮಗಳ ಅತ್ತೆ, ಅಂದರೆ ನಮ್ಮ ಬೀಗಿತಿ, ಗಟ್ಟಿ ಹೆಂಗಸು. ಮಗಳಿಗೆ ಸೀಮಂತದ ಕುಬುಸ ಮಾಡಿ ಹೆರಿಗೆಗೆ ಕರೆದುಕೊಂಡು ಬರುವ ದಿನ ಎಲ್ಲರ ಮುಂದೆ ಕೇಳಿಯೇಬಿಟ್ಟಳು.

"ಬೀಗರೇ, ಹುಡುಗಿ ಥಂಡಿ ದಿನದಾಗ ಹಡೀತಾಳ. ತಾಯಿಗೊಂದ್ ಹಂಡೆ, ಕೂಸಿಗೊಂದ್ ಕೊಡ ಸುಡುಸುಡು ನೀರು ಬೇಕು, ದಿನಾ. ನಿಮ್ಮ ಹೆಂಡಿ ಗ್ಯಾಸಿಗೆ ಆಗತೈತೇನ್ರಿ?"

"ಯಾಕಾಗಂಗಿಲ್ರಿ? ಊರಿಗೇ ನೀರು ಕಾಸ್ತೀನಿ" ಎಂದೆ.

"ಹಂಗಾರ ಕೇಳ್ರಿ. ಮೊದಲ ಬಾಣಂತನ ತವರು ಮನ್ಯಾಗ, ಐದು ತಿಂಗಳು, ಅದು ನಿಮ್ಮ ಹಕ್ಕು. ಆದ್ರ ನೀರು ತಣ್ಣಗಾದ ದಿನ ನಾನು ಸೊಸೀನೂ ಕೂಸೂ ಎತ್ಕೊಂಡ್ ಹೋಗಾಕಿ. ನಮ್ಮಲ್ಲಿ ಹೊಟ್ಟು ಗುಡ್ಡದಂಗ ಬಿದ್ದೈತಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆಕೆ ಆಡಿದಂತೆ ಮಾಡುವವಳೆಂದು ನನಗೆ ಗೊತ್ತಿತ್ತು.

ಹೆರಿಗೆ ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲಿ ಆಯಿತು. ಕೂಸನ್ನು ಮೊದಲ ಸಲ ತೋರಿಸಿದಾಗ ಅದು ಒಂದು ಕಣ್ಣು ಮಾತ್ರ ತೆರೆದು, ಯಾರಿವನು ಎನ್ನುವಂತೆ ನನ್ನನ್ನು ನೋಡಿತು. ನಾನು ಆಸ್ಪತ್ರೆಯ ಬಾಗಿಲಲ್ಲಿ ನಿಂತು ಗುರುತಿಲ್ಲದವರಿಗೆಲ್ಲ ಪೇಢೆ ಹಂಚಿದೆ. ಬೀಗಿತಿ ಆಸ್ಪತ್ರೆಯ ನೆಲ ನೋಡಿ ಮೆಚ್ಚಿಕೊಂಡಳು.

"ನೋಡ್ರಿ, ಫಿನಾಯಿಲ್ ಹಾಕಿ ಹೆಂಗ ಇಟ್ಟಾರ! ನಿಮ್ಮಲ್ಲಿ ದನದ ಕೊಟ್ಟಿಗಿ ಬಾಜೂಕ ಬಾಣಂತಿ ಖೋಲಿ. ಎರಡ್ಹೊತ್ತೂ ಫಿನಾಯಿಲ್ ಹಾಕಿ ತೊಳಸ್ರಿ ಮತ್ತ."

ಮೊಮ್ಮಗಳ ವಿಷಯ, ಕಡಿಮೆ ಮಾಡಲು ಆಗುತ್ತದೆಯೇ? ಬಳ್ಳಾರಿ ಪೇಟೆಯಲ್ಲಿ ಸಿಕ್ಕ ಅತಿ ದೊಡ್ಡ ಡಬ್ಬಿಯನ್ನೇ ಹೊತ್ತುಕೊಂಡು ಬಂದೆ. ಅಂಗಳ, ಕೊಟ್ಟಿಗೆ, ಗೋಡೆಯ ಬುಡ ಎಲ್ಲ ತೊಳೆದೆ. ಎಮ್ಮೆಗಳು ಸೀನಿದವು. ಮನೆ ಘಮ್ಮೆಂದು ಆಸ್ಪತ್ರೆಯಾಯಿತು. ಮೊದಮೊದಲು ಗ್ಯಾಸೂ ಜೋರಾಗಿ ಉರಿಯಿತು. ಬಚ್ಚಲಿನಿಂದ ಹಬೆ ಎದ್ದು ಬರುತ್ತಿತ್ತು. ಕೂಸು ನೀರು ಬಿದ್ದಾಗ ಕಿರುಚಿ, ಆಮೇಲೆ ಸುಮ್ಮನಾಗಿ, ಬೆಚ್ಚಗೆ ಸುತ್ತಿಸಿಕೊಂಡು ಮಧ್ಯಾಹ್ನದವರೆಗೆ ಮಲಗುತ್ತಿತ್ತು.

ಆಮೇಲೆ ಡ್ರಮ್ಮು ಏಳುವುದನ್ನು ನಿಲ್ಲಿಸಿತು.

"ಏನ್ರೀ! ನೀರು ಉಗುರು ಬೆಚ್ಚಗೂ ಆಗಿಲ್ಲ, ಉರಿ ಹೋತು!" ಎಂದು ಹೆಂಡತಿ ಒಳಗಿಂದ ಕೂಗಿದಳು.

ಚಳಿಗೆ ಗ್ಯಾಸು ಕಡಿಮೆಯಾಗುತ್ತದೆಂದು ಕೇಳಿದ್ದೆ. ಸಗಣಿಯನ್ನು ಬಿಸಿಲಿಗಿಟ್ಟು ಕಾದ ನೀರಿನಲ್ಲಿ ಕಲಸಿದೆ. ಡ್ರಮ್ಮಿಗೆ ಕೌದಿಯಂತೆ ಹುಲ್ಲು ಹೊದಿಸಿದೆ. ಪಕ್ಕದ ಮನೆಗಳ ಸಗಣಿಯನ್ನೂ ಬುಟ್ಟಿಗಟ್ಟಲೆ ತಂದು ಸುರಿದೆ. ಡ್ರಮ್ಮು ಕೆಳಗೇ ಕೂತಿತು. ಕೊನೆಗೆ ಅಂಗಳದಲ್ಲಿ ಮೂರು ಕಲ್ಲಿಟ್ಟು, ಹೊಲದಿಂದ ಹತ್ತಿಕಟ್ಟಿಗೆ ತಂದು ಉರಿ ಹಾಕಿದೆವು. ಇಬ್ಬನಿಗೆ ನೆನೆದ ಕಟ್ಟಿಗೆ ಅದು. ಉರಿಯುವುದಕ್ಕಿಂತ ಹೊಗೆಯಾಡಿದ್ದೇ ಹೆಚ್ಚು. ಹೊಗೆ ಬಾಣಂತಿ ಕೋಣೆಗೆ ನುಗ್ಗಿತು. ಕೂಸು ಅತ್ತು ಅತ್ತು ದನಿ ಕಟ್ಟಿತು. ಹೆಂಡತಿಗೆ ಮತ್ತೆ ಕೆಮ್ಮು.

ಆ ಹೊತ್ತಿಗೆ ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆಂದು ಬೀಗಿತಿ ಸಿರುಗುಪ್ಪದ ಬಸ್ಸಿಳಿದು ಬಂದಳು. ಅಂಗಳದ ಹೊಗೆಯಲ್ಲಿ ನಿಂತು ನೋಡಿದಳು.

"ಎಲ್ಲೈತಿ ನಿಮ್ಮ ಗ್ಯಾಸು? ಊರಿಗೇ ನೀರು ಕಾಸಾಕ ಹೋಗೇತೇನು?"

ಆಕೆ ಒಳಗೆ ಹೋಗಿ ಕೂಸಿನ ಅಂಗಾಲು ಮುಟ್ಟಿ ನೋಡಿದಳು. ಹೊರಗೆ ಬಂದಾಗ ಮುಖದಲ್ಲಿ ನಗು ಇರಲಿಲ್ಲ.

"ತೊಟ್ಟಲಾಗ ಹಾಕೋದು ಮುಗೀಲಿ. ನಾಳೆ ಬಸ್ಸಿಗೆ ಕರ್ಕೊಂಡ್ ಹೋಗ್ತೀನಿ. ಸಿಟ್ಟಾಗಬ್ಯಾಡ್ರಿ ಬೀಗರೇ, ಕೂಸು ನಿಮ್ಮದೂ ಹೌದು, ನಮ್ಮದೂ ಹೌದು."

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊಗೆಗೋ ಅಳುವಿಗೋ, ನಾನು ಕೇಳಲಿಲ್ಲ. ಮೇಸ್ತ್ರಿಯ ಮನೆಗೆ ಓಡಿದೆ.

ಮೇಸ್ತ್ರಿ ಬಂದು ಸಗಣಿ ಸುರಿಯುವ ತೊಟ್ಟಿಗೆ ಬಗ್ಗಿ ಮೂಸಿದ. ಮತ್ತೊಮ್ಮೆ ಮೂಸಿದ. ಕೊಟ್ಟಿಗೆಯಿಂದ ಗುಂಡಿಗೆ ಬರುವ ಕಾಲುವೆ ನೋಡಿದ. ಗಂಜಲವೂ ದಂಡವಾಗಬಾರದೆಂದು ಆ ಕಾಲುವೆ ಮಾಡಿಸಿದ್ದು ನಾನೇ.

"ಮಾಮಾ, ಇದೇನು ದವಾಖಾನಿ ವಾಸನಿ?"

"ಫಿನಾಯಿಲ್. ಕೂಸಿನ ಸಲುವಾಗಿ ಎರಡ್ಹೊತ್ತೂ ಕೊಟ್ಟಿಗಿ ತೊಳದೀನಿ."

"ತೊಳದ ನೀರು?"

ನಾನು ಕಾಲುವೆಯ ಕಡೆ ನೋಡಿದೆ. ಮೇಸ್ತ್ರಿ ಹಣೆ ಬಡಿದುಕೊಂಡ.

"ಅಲ್ಲಾ! ಹೆಂಡ್ಯಾಗ ಕಣ್ಣಿಗೆ ಕಾಣದ ಹುಳ ಇರ್ತಾವ. ಅವು ತಿಂದು ಗ್ಯಾಸ್ ಬಿಡ್ತಾವ. ನೀವು ಎರಡ್ಹೊತ್ತು ಫಿನಾಯಿಲ್ ಕುಡ್ಸಿ ಎಲ್ಲಾನೂ ಮಲಗಿಸೀರಿ. ಯಾರು ಹೇಳಿದ್ರು ನಿಮಗ?"

ಬಾಗಿಲಲ್ಲಿ ನಿಂತ ಹೆಂಡತಿ, ಅವಳ ಹಿಂದಿದ್ದ ಮಗಳು, ನಾನು, ಮೂವರ ಕಣ್ಣೂ ಬೀಗಿತಿಯ ಕಡೆ ಹೋದವು. ಆಕೆ ಬಾಯಿಗೆ ಸೆರಗು ಹಿಡಿದಳು. ಹೆಗಲು ಅಲ್ಲಾಡತೊಡಗಿತು. ಅಳುತ್ತಾಳೇನೋ ಎಂದುಕೊಂಡೆ. ನಗುತ್ತಿದ್ದಳು!

"ಅಂದ್ರ ನಾನೇ ಕೊಂದ್ನೇನು ಅಷ್ಟೂ ಹುಳಾನ?"

"ನೀವು ಹೇಳೀರಿ, ಮಾಮಾ ಹಾಕ್ಯಾರ. ಪಾಪ ಅರ್ಧರ್ಧ ಹಂಚ್ಕೊಳ್ರಿ" ಎಂದ ಮೇಸ್ತ್ರಿ.

ಒಂದಿಷ್ಟು ಹಳೆಯ ಬಗ್ಗಡ ತೆಗೆದು, ಬೇರೆಯವರ ಗುಂಡಿಯ ಒಳ್ಳೆಯ ಬಗ್ಗಡವನ್ನು ಹಾಲಿಗೆ ಹೆಪ್ಪು ಹಾಕಿದಂತೆ ಹಾಕಬೇಕು, ಆಮೇಲೆ ಕೆಲವು ವಾರ ಕಾಯಬೇಕು ಎಂದು ಹೇಳಿ ಅವನು ಹೋದ.

ಕೆಲವು ವಾರ! ಅಲ್ಲಿವರೆಗೆ ನೀರು? ನಾನು ಬೀಗಿತಿಯ ಮುಖ ನೋಡಲಾರದೆ ನೆಲ ನೋಡಿದೆ. ಆಗ ಮಗಳು ಮೆಲ್ಲಗೆ ಅಂದಳು, "ಅತ್ತಿ, ಬಸ್ಸಿನ್ಯಾಗ ಥಂಡಿ ಗಾಳಿ ಭಾಳ ಬರತೈತ್ರಿ."

ಬೀಗಿತಿ ಸೊಸೆಯನ್ನು ನೋಡಿದಳು, ಒಳಗೆ ಅಳುತ್ತಿದ್ದ ಕೂಸಿನ ಕಡೆ ನೋಡಿದಳು.

"ಖರೇ. ಕೂಸಿನ್ನ ಹೊಟ್ಟಿನ ಹತ್ರ ಒಯ್ಯೋದಕ್ಕಿಂತ ಹೊಟ್ಟನ್ನ ಕೂಸಿನ ಹತ್ರ ತರೋದು ಹಗರ."

ಬೀಗಿತಿ ಹೇಳಿ ಕಳಿಸಿದ್ದಕ್ಕೆ ಮರುದಿನ ನಮ್ಮ ಅಳಿಯ ಬಸ್ಸಿನ ಮೇಲೆ ಹೊಟ್ಟಿನ ಚೀಲಗಳನ್ನೂ ಒಂದು ತಗಡಿನ ಒಲೆಯನ್ನೂ ಹೇರಿಕೊಂಡು ಬಂದ. ಅವನು ವಾಪಸು ಹೋದ, ಬೀಗಿತಿ ಹೋಗಲಿಲ್ಲ. ಆ ತಗಡಿನ ಒಲೆಯ ನಡುವೆ ಖಾಲಿ ಬಾಟಲಿ ನಿಲ್ಲಿಸಿ, ಸುತ್ತ ಹೊಟ್ಟು ಒತ್ತಿ ತುಂಬಿ, ಬಾಟಲಿ ಹಿರಿದು ಕೆಳಗಿನ ತೂತಿನಿಂದ ಉರಿ ಕೊಟ್ಟಳು. ಹೊಟ್ಟು ಸದ್ದಿಲ್ಲದೆ, ಒಂದೇ ಸಮ, ಹೊತ್ತು ಏರುವವರೆಗೆ ಉರಿಯಿತು. ಕೊನೆಗೆ ಕೆಂಡವೂ ಉಳಿಯಿತು! ನನ್ನ ಹೆಂಡತಿ ಅದಕ್ಕೆ ರೊಟ್ಟಿ ಒರಗಿಸಿ, ಉಬ್ಬಿದ್ದನ್ನು ನನಗೆ ತೋರಿಸಿಯೇ ತಟ್ಟೆಗೆ ಹಾಕಿದಳು. ಆದರೆ ಆ ಒಲೆಗೂ ಅದರದೇ ಹಟ. ಯಾರಾದರೂ ಎಡವಿದರೆ ಹೊಟ್ಟು ಕುಸಿದು ಮನೆ ತುಂಬ ಹೊಗೆ. ಕರಿ ಬೂದಿ ಹಾರಿ ತೊಟ್ಟಿಲ ಮೇಲೆ ಕೂರುತ್ತಿತ್ತು. ಪ್ರತಿ ಸಲ ಹೊಸದಾಗಿ ಜಡಿದು ತುಂಬಬೇಕು. ಆ ಕೆಲಸ ನನಗೆ ಬಂತು.

ಇಬ್ಬರು ಅಜ್ಜಿಯರಿಗೂ ಬಚ್ಚಲಲ್ಲಿ ಎಣ್ಣೆ ತಿಕ್ಕುವ ವಿಷಯಕ್ಕೆ ಜಗಳ. "ಮೂಗು ಹಂಗ ತಿಕ್ಕಿದ್ರ ಚಪ್ಪಟಿ ಆಗತೈತ್ರಿ!" ಎಂದು ಬೀಗಿತಿ. "ನಿಮ್ಮ ಮಗನ ಮೂಗು ಯಾರು ತಿಕ್ಕಿದ್ರು ಮತ್ತ?" ಹೊರಗೆ ಹೊಟ್ಟು ತುಂಬುತ್ತ ನಾನು ಒಬ್ಬನೇ ನಗುತ್ತಿದ್ದೆ.

ಫಿನಾಯಿಲ್ ಬಿಟ್ಟು, ಮೇಸ್ತ್ರಿ ಹೇಳಿದಂತೆ ಹೆಪ್ಪು ಹಾಕಿ ಕೆಲವು ವಾರ ಕಾದೆ. ಒಂದು ಬೆಳಿಗ್ಗೆ ಡ್ರಮ್ಮು ಗೇಣಿನಷ್ಟು ಮೇಲೆದ್ದಿತ್ತು. ನಾನು ಕೂಗಿದ ಕೂಗಿಗೆ ಎತ್ತುಗಳು ಬೆದರಿದವು. ಹೆಂಡತಿ ಕಡ್ಡಿ ಗೀರಿದಳು. ಪುಸ್ ಎಂದು ನೀಲಿ ಉರಿ ಹೂವಿನಂತೆ ಅರಳಿತು. ಬೀಗಿತಿ ಹಂಡೆಯಲ್ಲಿ ಬೆರಳದ್ದಿ, ಸುಟ್ಟುಕೊಂಡು, ತೃಪ್ತಿಯಾಗಿ ತಲೆಯಾಡಿಸಿದಳು.

"ನಾ ಇನ್ನ ಹೊಂಟೆ. ಕೂಸು ಇಲ್ಲೇ ಇರ್ಲಿ."

"ಹೊಟ್ಟಿನ ಒಲಿ ಒಯ್ರಿ ಮತ್ತ" ಎಂದೆ, ಖುಷಿಯಲ್ಲಿ.

"ಅದೂ ಇಲ್ಲೇ ಇರ್ಲಿ. ಒಂದ ಎತ್ತು ಕಟ್ಕೊಂಡು ಯಾರರ ಬಂಡಿ ಹೂಡ್ತಾರೇನ್ರಿ ಬೀಗರೇ?"

ಆಕೆಯನ್ನು ಬಸ್ಸಿಗೆ ಹತ್ತಿಸಿದೆ. ಬಸ್ಸು ತಿರುವು ದಾಟುವವರೆಗೂ ನಿಲ್ಲುವುದು ಮರ್ಯಾದೆ, ನಿಂತೆ. ಆಮೇಲೆ ಧೋತರ ಎತ್ತಿ ಕಟ್ಟಿ ಮನೆಯ ಕಡೆ ಓಡಿದೆ. ಕೂಸಿಗೆ ಎರೆಯುವ ಹೊತ್ತಾಗಿತ್ತು.